ದತ್ತು ಬಂದ ಕಾವಲುಗಾರರು



ಒಂದೂವರೆ ತಿಂಗಳಿನಿಂದ ಈ ಪುಟದಲ್ಲಿ ನಾನೇನೂ ಬರೆದಿರಲಿಲ್ಲ. ಆರೋಗ್ಯ ಸರಿಯಿಲ್ಲವೇ ಎಂದು ಕೆಲವರು ದೂರವಾಣಿ ಮಾಡಿ ವಿಚಾರಿಸಿದಿರಿ. ದೇವರ ದಯೆಯಿಂದ ಆರೋಗ್ಯ ಚೆನ್ನಾಗಿಯೇ ಇದೆ. ನಾನು ಓದುತ್ತಿದ್ದೆ, ಅಷ್ಟೆ. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದವನಿಗೆ ಈ ವಯಸ್ಸಿನಲ್ಲಿ ಒಂದು ಪ್ರಶ್ನೆ ಎದುರಾಯಿತು. ಉತ್ತರ ಹುಡುಕಲು ಇಷ್ಟು ದಿನ ಬೇಕಾಯಿತು.

ಪ್ರಶ್ನೆ ಕೇಳಿದವಳು ನನ್ನ ಅಕ್ಕನ ಮಗಳು. ಬಂಧುಗಳಲ್ಲಿ ಹಲವರಿಗೆ ಆಕೆ ಯಾರೆಂಬುದು ತಿಳಿದೀತು. ಆದರೂ ಹೆಸರು ಬರೆಯುವುದಿಲ್ಲ. "ಬರೆಯಿರಿ ಮಾವ, ಹೆಸರು ಮಾತ್ರ ಬೇಡ" ಎಂಬುದು ಅವಳೇ ಹಾಕಿದ ಕಟ್ಟಳೆ. ಮೊನ್ನೆ ಒಂದು ಗೃಹಪ್ರವೇಶದಲ್ಲಿ ಊಟ ಮುಗಿದು ಎಲ್ಲರೂ ಎಲೆಯಡಿಕೆಗೆ ಕುಳಿತಿದ್ದಾಗ ಅವಳು ನನ್ನ ಪಕ್ಕಕ್ಕೆ ಬಂದು, ಬಹಳ ಮೆಲ್ಲನೆ ಕೇಳಿದಳು: "ಮಾವ, ನೀವು ವಿಜ್ಞಾನದ ಮೇಷ್ಟ್ರು. ನಿಜ ಹೇಳಿ. ಅವನು ಹೋದದ್ದು ನನ್ನ ರಕ್ತದಿಂದಲೇ ಅಲ್ಲವೇ?"

ಅವಳ ತಮ್ಮನಿಗೆ 1998ರಲ್ಲಿ ರಕ್ತದ ಕ್ಯಾನ್ಸರ್‌ಗಾಗಿ ಅಸ್ಥಿಮಜ್ಜೆಯ ಕಸಿ ನಡೆದಿತ್ತು. ಆಗ ಅವನಿಗೆ ಹದಿನೇಳು ವರ್ಷ, ಮೊದಲ ಪಿಯುಸಿ. ಮಜ್ಜೆ ಕೊಟ್ಟವಳು ಇವಳು, ಇಪ್ಪತ್ತೊಂದರ ಹುಡುಗಿ. ಕಸಿ ಫಲಿಸಿತೆಂದು ನಾವೆಲ್ಲ ಹರ್ಷಪಟ್ಟೆವು. ಮೂರು ತಿಂಗಳು ಕಳೆಯುವಷ್ಟರಲ್ಲಿ ಜ್ವರ ಬಂದಿತು, ಕುತ್ತಿಗೆಯ ಗ್ರಂಥಿಗಳು ಊದಿಕೊಂಡವು. ಇದೊಂದು ವೈರಸ್ಸಿನ ಕೆಲಸ, ಅದು ದಾನಿಯ ಮಜ್ಜೆಯೊಡನೆ ಬಂದಿರಬಹುದು ಎಂದು ವೈದ್ಯರು ನನ್ನ ಭಾವನವರಿಗೆ ಹೇಳಿದ ಮಾತು ಬಾಗಿಲ ಹೊರಗೆ ನಿಂತಿದ್ದ ಇವಳ ಕಿವಿಗೂ ಬಿದ್ದಿತ್ತಂತೆ. ಹುಡುಗ ಆ ವರ್ಷದ ದೀಪಾವಳಿಯನ್ನು ನೋಡಲಿಲ್ಲ. ಆ ಮಾತನ್ನು ಅವಳು ಅಂದಿನಿಂದ ಇಂದಿನವರೆಗೆ ಯಾರಲ್ಲಿಯೂ ಆಡದೆ ಎದೆಯಲ್ಲಿ ಹೊತ್ತುಕೊಂಡೇ ಇದ್ದಳು.

ನನಗೆ ಕೂಡಲೇ ಉತ್ತರಿಸಲಾಗಲಿಲ್ಲ. "ಹಾಗೆಲ್ಲ ಯೋಚಿಸಬಾರದು ಮಗಳೇ" ಎಂದು ಹೇಳಿ ಜಾರಿಕೊಳ್ಳಬಹುದಿತ್ತು. ಆದರೆ ಅದು ಸಾಂತ್ವನವಾದೀತೇ ಹೊರತು ಉತ್ತರವಾಗದು. "ಓದಿ ಹೇಳುತ್ತೇನೆ" ಎಂದು ಮಾತು ಕೊಟ್ಟೆ. ವಿದೇಶದಲ್ಲಿ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಓದಬೇಕಾದ ಲೇಖನಗಳನ್ನು ಕಳುಹಿಸಿಕೊಟ್ಟ, ತಿಳಿಯದ ಕಡೆ ತಾಳ್ಮೆಯಿಂದ ವಿವರಿಸಿದ. ಹೀಗೆ ಗುರುವೇ ಶಿಷ್ಯನಾಗಿ ಕಲಿತ ಪಾಠವನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತರಗತಿಯಲ್ಲಿ ಕುಳಿತವರಿಗೆ ನೆನಪಿರಬಹುದು: "ಬಿಳಿ ರಕ್ತಕಣಗಳು ದೇಹದ ಸೈನಿಕರು" ಎಂದು ಕಪ್ಪು ಹಲಗೆಯ ಮೇಲೆ ಬರೆಸುತ್ತಿದ್ದೆ. ಒಬ್ಬ ಮಹಾಶಯನು ಉತ್ತರಪತ್ರಿಕೆಯಲ್ಲಿ "ಇವುಗಳಿಗೆ ಭಾನುವಾರವೂ ರಜೆ ಇಲ್ಲ" ಎಂದು ಸ್ವಂತದ ವಾಕ್ಯವನ್ನು ಸೇರಿಸಿದ್ದ. ಅರ್ಧ ಅಂಕ ಹೆಚ್ಚೇ ಕೊಟ್ಟಿದ್ದೆ! ಸೈನಿಕರೆಂಬ ಮಾತು ತಪ್ಪಲ್ಲ, ಆದರೆ ಅಪೂರ್ಣ. ಅವುಗಳಲ್ಲಿ ಟಿ ಕೋಶಗಳೆಂಬ ಒಂದು ಪಂಗಡವಿದೆ. ಊರಿನ ಹಳೆಯ ಕಾವಲುಗಾರನು ಕಳ್ಳನ ಮುಖವನ್ನು ಒಮ್ಮೆ ಕಂಡರೆ ಹೇಗೆ ಮರೆಯುವುದಿಲ್ಲವೋ ಹಾಗೆ, ಈ ಕೋಶಗಳು ಒಮ್ಮೆ ಎದುರಿಸಿದ ವೈರಸ್ಸಿನ ಗುರುತನ್ನು ವರ್ಷಗಟ್ಟಲೆ ಉಳಿಸಿಕೊಳ್ಳುತ್ತವೆ. ವೈರಸ್ ಹೊಕ್ಕಿರುವ ಜೀವಕೋಶವನ್ನು ಹೊರಗಿನಿಂದಲೇ ಗುರುತಿಸಿ ಕೊಲ್ಲುತ್ತವೆ. ಒಂದೊಂದು ಟಿ ಕೋಶವೂ ತನಗೆ ಗೊತ್ತಿರುವ ಗುರುತನ್ನಷ್ಟೇ ಹುಡುಕುತ್ತದೆ. ಒಂದು ವೈರಸ್ಸನ್ನು ಬಲ್ಲ ಕಾವಲುಗಾರ ಮತ್ತೊಂದರ ಎದುರು ಸುಮ್ಮನೆ ನಿಂತಿರುತ್ತಾನೆ.

ಇವು ಎಲ್ಲಿ ಪಳಗುತ್ತವೆ ಎಂಬುದು ಬಹುಕಾಲ ತಿಳಿದಿರಲಿಲ್ಲ. ಎದೆಗೂಡಿನಲ್ಲಿ ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯನ್ನು ನಿರುಪಯುಕ್ತವೆಂದೇ ಭಾವಿಸಿದ್ದರು. 1961ರಲ್ಲಿ ಲಂಡನ್ನಿನಲ್ಲಿ ಸಂಶೋಧನೆ ಮಾಡುತ್ತಿದ್ದ ಜಾಕ್ ಮಿಲ್ಲರ್ ಎಂಬ ಯುವಕ ಆಗತಾನೇ ಹುಟ್ಟಿದ ಇಲಿಮರಿಗಳಿಂದ ಆ ಗ್ರಂಥಿಯನ್ನು ತೆಗೆದುಹಾಕಿದ. ಅಂತಹ ಇಲಿಗಳು ಬೇರೆ ಇಲಿಯ ಚರ್ಮವನ್ನು ಅಂಟಿಸಿದರೂ ತಿರಸ್ಕರಿಸಲಿಲ್ಲ, ಸೋಂಕುಗಳಿಗೆ ಸುಲಭವಾಗಿ ಬಲಿಯಾದವು. ಥೈಮಸ್ ಎಂಬ ಹೆಸರಿನ ಮೊದಲಕ್ಷರದಿಂದಲೇ ಈ ಕೋಶಗಳಿಗೆ 'ಟಿ' ಎಂಬ ಹೆಸರು ಬಂದಿತು.

ಇನ್ನು ನಮ್ಮ ಹುಡುಗನನ್ನು ಕೊಂಡೊಯ್ದ ವೈರಸ್ಸಿನ ಕಥೆ. ಅದು ಆರಂಭವಾಗುವುದು ಆಫ್ರಿಕಾದ ಉಗಾಂಡಾದಲ್ಲಿ. ಅಲ್ಲಿ ಡೆನಿಸ್ ಬರ್ಕಿಟ್ ಎಂಬ ಐರಿಷ್ ಶಸ್ತ್ರವೈದ್ಯರು ಮಕ್ಕಳ ದವಡೆಯಲ್ಲಿ ಬೆಳೆಯುವ ವಿಚಿತ್ರ ಗಡ್ಡೆಗಳನ್ನು ಗಮನಿಸಿ 1958ರಲ್ಲಿ ಅವುಗಳನ್ನು ಕುರಿತು ಬರೆದರು. 1961ರಲ್ಲಿ ಅವರು ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ಕೊಟ್ಟ ಉಪನ್ಯಾಸವನ್ನು ಆಂಥೊನಿ ಎಪ್‌ಸ್ಟೀನ್ ಎಂಬ ಸಂಶೋಧಕರು ಕೇಳುತ್ತಿದ್ದರು. ಈ ಗಡ್ಡೆಯ ಹಿಂದೆ ವೈರಸ್ ಇರಬೇಕೆಂದು ಅವರ ಮನಸ್ಸಿಗೆ ಹೊಳೆಯಿತು. ಕಂಪಾಲಾದಿಂದ ವಿಮಾನದಲ್ಲಿ ಗಡ್ಡೆಯ ತುಣುಕುಗಳನ್ನು ತರಿಸಿಕೊಂಡು ಎರಡು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದರು. ಏನೂ ಸಿಗಲಿಲ್ಲ.

1963ರ ಡಿಸೆಂಬರ್‌ನಲ್ಲಿ ಒಂದು ವಿಮಾನ ಲಂಡನ್ನಿನ ಮಂಜಿನಿಂದಾಗಿ ಮ್ಯಾಂಚೆಸ್ಟರಿಗೆ ಹೋಗಿ ಇಳಿಯಿತು. ತಡವಾಗಿ ಬಂದ ಸೀಸೆಯಲ್ಲಿ ದ್ರವವು ಕದಡಿ ಮಸುಕಾಗಿತ್ತು. ಬ್ಯಾಕ್ಟೀರಿಯಾ ಸೇರಿ ಕೆಟ್ಟಿದೆಯೆಂದು ಚೆಲ್ಲಿಬಿಡುವುದು ಸಹಜವಾಗಿತ್ತು. ಎಪ್‌ಸ್ಟೀನ್ ಚೆಲ್ಲದೆ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕೆಟ್ಟಿರಲಿಲ್ಲ, ಗಡ್ಡೆಯಿಂದ ಕಳಚಿಕೊಂಡ ಜೀವಂತ ಕೋಶಗಳು ತೇಲುತ್ತಿದ್ದವು! ಹೀಗೆ ತೇಲುವಂತೆಯೇ ಅವುಗಳನ್ನು ಬೆಳೆಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟಾಗ ವೈರಸ್ ಕಾಣಿಸಿತು. 1964ರ ಮಾರ್ಚ್‌ನಲ್ಲಿ ಎಪ್‌ಸ್ಟೀನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಈ ಸಂಗತಿಯನ್ನು ಪ್ರಕಟಿಸಿದರು. ಅದಕ್ಕೆ ಎಪ್‌ಸ್ಟೀನ್-ಬಾರ್ ವೈರಸ್ ಎಂದೇ ಹೆಸರಾಯಿತು. ಎಪ್‌ಸ್ಟೀನರು 102 ವರ್ಷಗಳ ತುಂಬು ಜೀವನ ನಡೆಸಿ 2024ರಲ್ಲಿ ತೀರಿಕೊಂಡರು.

ಇಲ್ಲಿ ಒಂದು ಮಾತನ್ನು ನನ್ನ ಅಕ್ಕನ ಮಗಳು ಗಮನವಿಟ್ಟು ಓದಬೇಕು. ಈ ವೈರಸ್ ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರ ರಕ್ತದಲ್ಲಿದೆ. ಎಂಜಲಿನ ಮೂಲಕ ಹರಡುವುದರಿಂದ, ತಾಯಿ ಮಗುವಿಗೆ ಮುತ್ತಿಡುವ, ಅಣ್ಣತಮ್ಮಂದಿರು ಒಂದೇ ಲೋಟದಲ್ಲಿ ಕುಡಿಯುವ ಮನೆಗಳಲ್ಲಿ ಬಾಲ್ಯದಲ್ಲೇ ಬಂದುಬಿಡುತ್ತದೆ. ಬಹುಪಾಲು ಮಕ್ಕಳಲ್ಲಿ ಬಂದದ್ದು ಗೊತ್ತಾಗುವುದೂ ಇಲ್ಲ. ಬಂದ ಮೇಲೆ ಹೋಗುವುದಿಲ್ಲ. ಬಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ತಕಣಗಳಲ್ಲಿ ಅಡಗಿ ಜೀವಮಾನವಿಡೀ ಮಲಗಿರುತ್ತದೆ. ಅದು ಎದ್ದು ಆ ಕೋಶಗಳನ್ನು ಮಿತಿಮೀರಿ ಬೆಳೆಸದಂತೆ ನಮ್ಮ ಟಿ ಕೋಶಗಳು ಹಗಲಿರುಳು ಕಾಯುತ್ತವೆ. ನನ್ನ ರಕ್ತದಲ್ಲಿಯೂ ಅದು ಬಹುಮಟ್ಟಿಗೆ ಇದ್ದೇ ಇದೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಹತ್ತು ಮಂದಿಗೆ ಒಂಬತ್ತು ಮಂದಿಯ ಸ್ಥಿತಿಯೂ ಇದೇ. ಕಾವಲು ಇರುವವರೆಗೆ ಭಯವಿಲ್ಲ.

ಕಾವಲನ್ನು ತೆಗೆದುಹಾಕಬೇಕಾದ ಅನಿವಾರ್ಯತೆ ತಂದದ್ದು ಅಂಗಾಂಗ ಕಸಿ. 1954ರ ಡಿಸೆಂಬರ್ 23ರಂದು ಬೋಸ್ಟನ್ ನಗರದಲ್ಲಿ ಜೋಸೆಫ್ ಮರ್ರೇ ಮತ್ತು ಸಂಗಡಿಗರು ಮೊದಲ ಬಾರಿಗೆ ಯಶಸ್ವಿಯಾಗಿ ಮೂತ್ರಪಿಂಡವನ್ನು ಕಸಿ ಮಾಡಿದರು. ಆದರೆ ಅದು ಅವಳಿ ಸೋದರರ ನಡುವೆ. ಒಂದೇ ಪಡಿಯಚ್ಚಿನ ಇಬ್ಬರಲ್ಲಿ ಒಬ್ಬರ ಅಂಗವನ್ನು ಮತ್ತೊಬ್ಬರ ದೇಹ ಪರಕೀಯವೆಂದು ಎಣಿಸಲಿಲ್ಲ. ಮಿಕ್ಕವರ ಗತಿ? ಅವರ ಟಿ ಕೋಶಗಳನ್ನು ಔಷಧಗಳಿಂದ ಅಡಗಿಸಬೇಕು. ನಾರ್ವೆಯ ಮಣ್ಣಿನ ಶಿಲೀಂಧ್ರವೊಂದರಲ್ಲಿ ದೊರೆತ ಸೈಕ್ಲೋಸ್ಪೊರಿನ್ ಎಂಬ ಔಷಧಿಗೆ 1983ರಲ್ಲಿ ಅಮೆರಿಕೆಯ ಒಪ್ಪಿಗೆ ಸಿಕ್ಕ ಮೇಲೆ ಕಸಿಗಳು ಹೆಚ್ಚು ಹೆಚ್ಚಾಗಿ ಯಶಸ್ವಿಯಾದವು.

ಅಸ್ಥಿಮಜ್ಜೆಯ ಕಸಿಯಲ್ಲಿ ತೊಡಕು ಇನ್ನೂ ಹೆಚ್ಚು. ಡೊನಾಲ್ ಥಾಮಸ್ ಅವರು 1950ರ ದಶಕದಲ್ಲಿ ಆರಂಭಿಸಿ ಮುಂದೆ ಸಿಯಾಟಲ್ ನಗರದಲ್ಲಿ ಬೆಳೆಸಿದ ವಿದ್ಯೆಯಿದು. ಮರ್ರೇ ಅವರೂ ಥಾಮಸ್ ಅವರೂ 1990ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಭಾರತದಲ್ಲಿ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ನಡೆಯಿತು. ಇದರಲ್ಲಿ ರೋಗಿಯ ಸ್ವಂತ ಮಜ್ಜೆಯನ್ನು ಔಷಧ, ವಿಕಿರಣಗಳಿಂದ ಬರಿದುಮಾಡಿ ದಾನಿಯ ಮಜ್ಜೆಯನ್ನು ಹೂಡುತ್ತಾರೆ. ದಾನಿಯ ಟಿ ಕೋಶಗಳು ಹೊಸ ಮನೆಗೆ ಬಂದು ಸುತ್ತ ಕಣ್ಣಾಡಿಸಿ, "ಇದೆಲ್ಲ ಪರರದು" ಎಂದು ರೋಗಿಯ ಚರ್ಮ, ಕರುಳು, ಯಕೃತ್ತುಗಳ ಮೇಲೆಯೇ ಎರಗಬಹುದು. ಇದನ್ನು ತಪ್ಪಿಸಲು ಮಜ್ಜೆಯಿಂದ ಟಿ ಕೋಶಗಳನ್ನು ಸೋಸಿ ತೆಗೆಯುತ್ತಾರೆ, ಇಲ್ಲವೇ ಔಷಧಗಳಿಂದ ಅಡಗಿಸುತ್ತಾರೆ. ಹೊಸ ಕಾವಲು ಪಡೆ ಬಲಿಯಲು ತಿಂಗಳುಗಳೇ ಬೇಕು. ಅಷ್ಟರವರೆಗೆ ಮನೆಯಲ್ಲಿ ಕಾವಲುಗಾರನಿಲ್ಲ, ಕಳ್ಳ ಮಾತ್ರ ಒಳಗೇ ಮಲಗಿದ್ದಾನೆ.

ಈ ಇಕ್ಕಟ್ಟನ್ನು ಜಗತ್ತಿಗೆ ತೋರಿಸಿಕೊಟ್ಟವನು ಒಬ್ಬ ಬಾಲಕ. ಅಮೆರಿಕೆಯ ಹ್ಯೂಸ್ಟನ್ ನಗರದಲ್ಲಿ 1971ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಡೇವಿಡ್ ವೆಟರ್. ಅವನ ಅಣ್ಣ ಇದೇ ದೋಷದಿಂದ ಶಿಶುವಾಗಿದ್ದಾಗಲೇ ತೀರಿಕೊಂಡಿದ್ದ. ಡೇವಿಡ್‌ಗೆ ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇರಲಿಲ್ಲ. ಹುಟ್ಟಿದ ಕೆಲವೇ ಕ್ಷಣಗಳಲ್ಲಿ ಅವನನ್ನು ಸೂಕ್ಷ್ಮಜೀವಿಗಳಿಲ್ಲದ ಪ್ಲಾಸ್ಟಿಕ್ ಗುಡಾರದೊಳಗೆ ಇರಿಸಿದರು. ಆಟ, ಪಾಠ, ಊಟ ಎಲ್ಲವೂ ಅದರೊಳಗೇ. ಪತ್ರಿಕೆಗಳು ಅವನನ್ನು 'ಗುಳ್ಳೆಯೊಳಗಿನ ಹುಡುಗ' ಎಂದು ಕರೆದವು. ಹೆತ್ತ ತಾಯಿ ಅವನನ್ನು ಮುಟ್ಟಬೇಕಾದರೆ ಗೋಡೆಗೆ ಜೋಡಿಸಿದ ಕೈಗವಸಿನೊಳಗೆ ಕೈ ತೂರಿಸಬೇಕಾಗಿತ್ತು.

ಪೂರ್ತಿ ಹೊಂದುವ ದಾನಿ ಸಿಗದೆ ಹನ್ನೆರಡು ವರ್ಷ ಕಳೆದವು. ಅಷ್ಟರಲ್ಲಿ ಟಿ ಕೋಶಗಳನ್ನು ತೆಗೆದು, ಪೂರ್ತಿ ಹೊಂದದ ಮಜ್ಜೆಯನ್ನೂ ಕಸಿ ಮಾಡುವ ವಿಧಾನ ಬಂದಿತು. 1983ರ ಅಕ್ಟೋಬರ್‌ನಲ್ಲಿ ಅವನ ಅಕ್ಕ ಮಜ್ಜೆಯನ್ನು ಕೊಟ್ಟಳು. ಹೌದು, ಅವನಿಗೂ ಅಕ್ಕನೇ ದಾನಿ. ಕೆಲವು ತಿಂಗಳಲ್ಲಿ ಜ್ವರ, ವಾಂತಿ ಆರಂಭವಾದವು. 1984ರ ಫೆಬ್ರವರಿಯಲ್ಲಿ ಚಿಕಿತ್ಸೆಗಾಗಿ ಅವನನ್ನು ಗುಳ್ಳೆಯಿಂದ ಹೊರಗೆ ತಂದರು. ತಾಯಿ ಮಗನನ್ನು ಅಡ್ಡಿಯಿಲ್ಲದೆ ಮುಟ್ಟಿದ್ದು ಆಗಲೇ. ಹದಿನೈದು ದಿನಗಳಲ್ಲಿ, ಫೆಬ್ರವರಿ 22ರಂದು, ಡೇವಿಡ್ ತೀರಿಕೊಂಡ. ಪರೀಕ್ಷಿಸಿ ನೋಡಿದಾಗ ಅವನ ದೇಹದ ಹಲವು ಕಡೆ ಬಿ ಕೋಶಗಳ ಗಡ್ಡೆಗಳು ಬೆಳೆದಿದ್ದವು. ಕಾರಣ ಎಪ್‌ಸ್ಟೀನ್-ಬಾರ್ ವೈರಸ್. ಅಕ್ಕನ ಮಜ್ಜೆಯೊಡನೆ ಅದು ಯಾರಿಗೂ ತಿಳಿಯದೆ ಬಂದಿತ್ತು. ಈ ವೈರಸ್ ಮನುಷ್ಯನಲ್ಲಿ ಕ್ಯಾನ್ಸರನ್ನು ಉಂಟುಮಾಡಬಲ್ಲದು ಎಂಬುದಕ್ಕೆ ಅವನ ಸಾವೇ ದೊಡ್ಡ ಸಾಕ್ಷ್ಯವಾಯಿತು.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಹದಿನಾಲ್ಕು ವರ್ಷಗಳ ಅಂತರದಲ್ಲಿ, ಭೂಗೋಲದ ಎರಡು ತುದಿಗಳಲ್ಲಿ, ಇಬ್ಬರು ಅಕ್ಕಂದಿರು ಇಬ್ಬರು ತಮ್ಮಂದಿರಿಗೆ ಒಂದೇ ದಾನವನ್ನು ಮಾಡಿದ್ದರು.

ಈಗ ಚಿಕಿತ್ಸೆಯ ಮಾತಿಗೆ ಬರೋಣ. ಒಂದು ಪ್ರಾಣಿಯ ರೋಗನಿರೋಧಕ ಕೋಶಗಳನ್ನು ಇನ್ನೊಂದಕ್ಕೆ ಕೊಟ್ಟರೆ ಅವುಗಳ ಗುರುತಿಸುವ ಶಕ್ತಿಯೂ ಜೊತೆಗೆ ಹೋಗುತ್ತದೆ ಎಂಬುದನ್ನು 1950ರ ದಶಕದಲ್ಲಿಯೇ ಇಲಿಗಳಲ್ಲಿ ಕಂಡಿದ್ದರು. ಲಂಡನ್ನಿನ ಪೀಟರ್ ಮೆಡಾವರ್ ಮತ್ತು ಸಂಗಡಿಗರು ಅದಕ್ಕೆ ಇಟ್ಟ ಹೆಸರನ್ನು ಕನ್ನಡಿಸಿದರೆ 'ದತ್ತು ಪಡೆದ ನಿರೋಧ' ಎಂದಾಗುತ್ತದೆ. ಎಷ್ಟು ಸೊಗಸಾದ ಹೆಸರು! ಬೇರೆ ಮನೆಯಲ್ಲಿ ಹುಟ್ಟಿ ಬೆಳೆದವನು ಈ ಮನೆಗೆ ಮಗನಾಗಿ ಬಂದು ದೀಪ ಹಚ್ಚುವುದು ನಮಗೆ ತಿಳಿಯದ ಸಂಗತಿಯಲ್ಲ.

ಮನುಷ್ಯರಲ್ಲಿ ವೈರಸ್ಸಿನ ವಿರುದ್ಧ ಇದನ್ನು ಮೊದಲು ಮಾಡಿ ತೋರಿಸಿದವರು ಸಿಯಾಟಲ್ಲಿನ ಸ್ಟ್ಯಾನ್ಲಿ ರಿಡೆಲ್, ಫಿಲಿಪ್ ಗ್ರೀನ್‌ಬರ್ಗ್ ಮತ್ತು ಸಂಗಡಿಗರು. ಅವರು ಆರಿಸಿಕೊಂಡದ್ದು ಸೈಟೋಮೆಗಾಲೋ ಎಂಬ ಬೇರೊಂದು ವೈರಸ್ಸನ್ನು. ಅದೂ ಬಹುಜನರಲ್ಲಿ ಮಲಗಿರುವಂಥದು, ಕಸಿಯಾದವರಲ್ಲಿ ಎದ್ದು ಶ್ವಾಸಕೋಶವನ್ನು ಹಿಡಿಯುವಂಥದು. 1989ರಲ್ಲಿ ಅಮೆರಿಕೆಯಲ್ಲಿ ಒಪ್ಪಿಗೆ ಪಡೆದ ಗ್ಯಾನ್ಸಿಕ್ಲೋವಿರ್ ಎಂಬ ಔಷಧಿ ಅದನ್ನು ತಡೆಯುತ್ತಿತ್ತು, ಆದರೆ ಹೊಸದಾಗಿ ಚಿಗುರುತ್ತಿರುವ ಮಜ್ಜೆಯನ್ನೂ ಬಾಡಿಸುತ್ತಿತ್ತು. ರಿಡೆಲ್ ತಂಡದವರು ಮಜ್ಜೆಯ ದಾನಿಯ ರಕ್ತದಿಂದ ಆ ವೈರಸ್ಸನ್ನು ಮಾತ್ರ ಗುರುತಿಸುವ ಟಿ ಕೋಶಗಳನ್ನು ಆರಿಸಿ, ಪ್ರಯೋಗಾಲಯದಲ್ಲಿ ವಾರಗಟ್ಟಲೆ ಬೆಳೆಸಿ, ರೋಗಿಗಳ ರಕ್ತಕ್ಕೆ ಸೇರಿಸಿದರು. 1992ರಲ್ಲಿ ಮೂವರು ರೋಗಿಗಳ, 1995ರಲ್ಲಿ ಹದಿನಾಲ್ವರ ವಿವರಗಳನ್ನು ಪ್ರಕಟಿಸಿದರು. ಆ ಹದಿನಾಲ್ವರಲ್ಲಿ ಒಬ್ಬರಿಗೂ ಆ ವೈರಸ್ಸಿನ ರೋಗ ತಗಲಲಿಲ್ಲ. ಪರಕೀಯ ಕೋಶಗಳು ದೇಹದ ಮೇಲೆ ತಿರುಗಿ ಬೀಳುವ ಭಯವೂ ನಿಜವಾಗಲಿಲ್ಲ. ಏಕೆಂದರೆ ಬಂದದ್ದು ಇಡೀ ಸೈನ್ಯವಲ್ಲ, ಒಬ್ಬನೇ ಕಳ್ಳನ ಮುಖವನ್ನು ಬಲ್ಲ ಕಾವಲುಗಾರರು ಮಾತ್ರ.

ಎಪ್‌ಸ್ಟೀನ್-ಬಾರ್ ವೈರಸ್ಸಿನ ಗಡ್ಡೆಗಳ ವಿಷಯದಲ್ಲಿ ಮೊದಲ ಭರವಸೆ ಬಂದದ್ದು 1994ರಲ್ಲಿ, ನ್ಯೂಯಾರ್ಕಿನ ರಿಚರ್ಡ್ ಓ'ರೈಲಿ ಅವರ ತಂಡದಿಂದ. ಅವರು ಅಂತಹ ಗಡ್ಡೆ ಬೆಳೆದ ಐವರು ರೋಗಿಗಳಿಗೆ ದಾನಿಯ ಬಿಳಿ ರಕ್ತಕಣಗಳನ್ನು ಸೋಸದೆ ಹಾಗೆಯೇ, ಅಲ್ಪ ಪ್ರಮಾಣದಲ್ಲಿ ಕೊಟ್ಟರು. ಯಾವ ದಾನಿಯ ಮಜ್ಜೆಯೊಡನೆ ರೋಗ ಬಂದಿತ್ತೋ ಅದೇ ದಾನಿಯ ರಕ್ತ! ಐವರಲ್ಲಿಯೂ ಗಡ್ಡೆಗಳು ಕರಗಿದವು. ಆದರೂ ಇಬ್ಬರು ಉಸಿರಾಟದ ತೊಂದರೆಯಿಂದ ತೀರಿಕೊಂಡರು. ಆರಿಸದ ಕೋಶಗಳಲ್ಲಿ ದೇಹದ ಮೇಲೆ ಎರಗುವವೂ ಇರುತ್ತವೆ ಎಂಬ ಅಪಾಯ ಉಳಿದೇ ಇತ್ತು.

ಹಾಗಾದರೆ ಆರಿಸಿಯೇ ಕೊಡೋಣ ಎಂದು ಹೊರಟವರು ಮೆಂಫಿಸ್ ನಗರದ ಸೇಂಟ್ ಜ್ಯೂಡ್ ಮಕ್ಕಳ ಆಸ್ಪತ್ರೆಯ ಕ್ಲಿಯೋನಾ ರೂನಿ, ಹೆಲೆನ್ ಹೆಸ್ಲಾಪ್ ಮತ್ತು ಮಾಲ್ಕಮ್ ಬ್ರೆನ್ನರ್. ಅವರು ದಾನಿಯ ಬಿ ಕೋಶಗಳಿಗೆ ಈ ವೈರಸ್ಸನ್ನು ಪ್ರಯೋಗಾಲಯದಲ್ಲಿ ಸೋಂಕಿಸಿ, ವಿಕಿರಣದಿಂದ ಅವು ಬೆಳೆಯದಂತೆ ಮಾಡಿ, ಅವುಗಳನ್ನೇ ಪಾಠದ ಹಲಗೆಯಾಗಿ ಬಳಸಿ ಅದೇ ದಾನಿಯ ಟಿ ಕೋಶಗಳಿಗೆ ಕಲಿಸಿದರು. ಗುರುತು ಬಲ್ಲ ಕೋಶಗಳು ಹೆಚ್ಚಿದವು, ಮಿಕ್ಕವು ಕಳೆದುಹೋದವು. ರೋಗಿಯೊಳಗೆ ಹೋದ ಮೇಲೆ ಪತ್ತೆಹಚ್ಚಲು ಅವುಗಳಿಗೆ ಒಂದು ಜೀನಿನ ಗುರುತನ್ನೂ ಹಾಕಿದ್ದರು. 1995ರಲ್ಲಿ ಮೊದಲ ಹತ್ತು ರೋಗಿಗಳ ಫಲಿತಾಂಶ ಬಂದಿತು. ಮುಂದೆ ಈ ಮೂವರೂ ಹ್ಯೂಸ್ಟನ್ ನಗರಕ್ಕೆ ಬಂದು ನೆಲೆಸಿದರು. ಅವರ ಹೊಸ ಸಂಶೋಧನಾ ಕೇಂದ್ರದಲ್ಲಿ ಪಾಲುದಾರ ಸಂಸ್ಥೆಗಳಲ್ಲೊಂದು ಟೆಕ್ಸಾಸ್ ಮಕ್ಕಳ ಆಸ್ಪತ್ರೆ. ಡೇವಿಡ್ ಚಿಕಿತ್ಸೆ ಪಡೆದ, ಕೊನೆಯುಸಿರೆಳೆದ ಆಸ್ಪತ್ರೆ.

2010ರಲ್ಲಿ ಅವರು ಒಟ್ಟು 114 ರೋಗಿಗಳ ಲೆಕ್ಕವನ್ನು ಮುಂದಿಟ್ಟರು. ಮುನ್ನೆಚ್ಚರಿಕೆಯಾಗಿ ಕೋಶಗಳನ್ನು ಪಡೆದ 101 ಮಂದಿಯಲ್ಲಿ ಒಬ್ಬರಿಗೂ ಗಡ್ಡೆ ಬೆಳೆಯಲಿಲ್ಲ. ಗಡ್ಡೆ ಬೆಳೆದ ಮೇಲೆ ಪಡೆದ 13 ಮಂದಿಯಲ್ಲಿ 11 ಮಂದಿಗೆ ಅದು ಪೂರ್ತಿಯಾಗಿ ಕರಗಿತು. ಗುರುತು ಹಾಕಿದ ಕೋಶಗಳು ಒಂಬತ್ತು ವರ್ಷಗಳ ತರುವಾಯವೂ ರೋಗಿಯ ರಕ್ತದಲ್ಲಿ ಕಂಡುಬಂದವು. ಸಾಮಾನ್ಯವಾದ ಔಷಧಿ ದೇಹದಲ್ಲಿ ಕರಗಿ ಹೋಗುತ್ತದೆ. ಇದು ಮನೆಯವನಾಗಿ ಉಳಿಯಿತು. ದತ್ತು ಎಂಬ ಮಾತು ಸಾರ್ಥಕವಾಯಿತಲ್ಲವೇ?

ಆದರೆ ಎಲ್ಲರಿಗೂ ದಾನಿ ದೊರೆಯುವುದಿಲ್ಲ. ಮೃತವ್ಯಕ್ತಿಯ ಮೂತ್ರಪಿಂಡವನ್ನೋ ಯಕೃತ್ತನ್ನೋ ಪಡೆದವರು ಮತ್ತೆ ರಕ್ತ ಕೊಡಿ ಎಂದು ಯಾರನ್ನು ಕೇಳುವುದು? ದಾನಿ ಇದ್ದರೂ ಕೋಶಗಳನ್ನು ಬೆಳೆಸಲು ವಾರಗಟ್ಟಲೆ ಬೇಕು, ರೋಗ ಅಲ್ಲಿಯವರೆಗೆ ಕಾಯುವುದಿಲ್ಲ. ಎಡಿನ್‌ಬರೋ ನಗರದ ತಂಜೀನಾ ಹಕ್ ಮತ್ತು ಡೊರೊತಿ ಕ್ರಾಫರ್ಡ್ ಇದಕ್ಕೊಂದು ದಾರಿ ಕಂಡರು. ಸ್ಕಾಟ್ಲೆಂಡಿನ ಸಾಮಾನ್ಯ ರಕ್ತದಾನಿಗಳ ಟಿ ಕೋಶಗಳನ್ನು ಮೊದಲೇ ಬೆಳೆಸಿ, ಹೆಪ್ಪುಗಟ್ಟಿಸಿ, ಒಂದು ಭಂಡಾರವನ್ನು ಮಾಡಿದರು. ರೋಗಿಗೆ ಹೆಚ್ಚು ಹೊಂದುವ ಸೀಸೆಯನ್ನು ಅದರಿಂದ ತೆಗೆದು ಕೊಡುವುದು. ಬೇರೆ ಚಿಕಿತ್ಸೆಗಳು ಸೋತ 33 ರೋಗಿಗಳಿಗೆ ಹೀಗೆ ಕೊಟ್ಟುದನ್ನು 2007ರಲ್ಲಿ ಪ್ರಕಟಿಸಿದರು. ಆರು ತಿಂಗಳ ಕೊನೆಗೆ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಶೇಕಡಾ 52ರಷ್ಟು ಮಂದಿಯಲ್ಲಿ ಗುಣ ಕಂಡಿತ್ತು. ಯಾರೋ ಒಬ್ಬ ರಕ್ತದಾನಿ, ತನ್ನ ಬಾಲ್ಯದ ನೆಗಡಿ ಜ್ವರದಲ್ಲಿ ತನಗೇ ತಿಳಿಯದೆ ಕಲಿತ ಪಾಠ, ಎಂದೂ ಕಾಣದ ಮತ್ತೊಬ್ಬನ ಜೀವವನ್ನು ಉಳಿಸಿತು.

ಬರ್ಮಿಂಗ್‌ಹ್ಯಾಮಿನ ಪಾಲ್ ಮಾಸ್ ಅವರ ತಂಡದವರು ಇನ್ನೊಂದು ಉಪಾಯವನ್ನು 2005ರಲ್ಲಿ ತೋರಿಸಿದರು. ಸೈಟೋಮೆಗಾಲೋ ವೈರಸ್ಸನ್ನು ಬಲ್ಲ ಕೋಶಗಳನ್ನು ದಾನಿಯ ರಕ್ತದಿಂದ ಅಯಸ್ಕಾಂತದ ಕಣಗಳ ನೆರವಿನಿಂದ ಹೆಕ್ಕಿ, ಬೆಳೆಸುವ ಗೊಡವೆಗೆ ಹೋಗದೆ ಕೆಲವೇ ಗಂಟೆಗಳಲ್ಲಿ ರೋಗಿಗೆ ಕೊಟ್ಟರು. ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಸೋಂಕಿನಿಂದ ಮುಕ್ತರಾದರು.

ಇಷ್ಟು ಓದಿ, ಎಲ್ಲವೂ ಗೆಲುವಿನ ಕಥೆಯೇ ಎಂದು ಯಾರೂ ಭಾವಿಸಬಾರದು. ಹ್ಯೂಸ್ಟನ್ನಿನಲ್ಲಿ ಏಕಕಾಲಕ್ಕೆ ಐದು ವೈರಸ್ಸುಗಳನ್ನು ಗುರುತಿಸಬಲ್ಲ ಕೋಶಗಳನ್ನು ಭಂಡಾರದಿಂದ 38 ಮಂದಿಗೆ ಕೊಟ್ಟಾಗ ಶೇಕಡಾ 92ರಷ್ಟು ಮಂದಿ ಸ್ಪಂದಿಸಿದರೆಂದು 2017ರಲ್ಲಿ ವರದಿಯಾಯಿತು. ಆದರೆ ಆ ಅಧ್ಯಯನದಲ್ಲಿ ಹೋಲಿಸಿ ನೋಡಲು, ಕೋಶಗಳನ್ನು ಪಡೆಯದ ಇನ್ನೊಂದು ಗುಂಪಿರಲಿಲ್ಲ. ಅದೇ ಕೋಶಗಳನ್ನು ಒಂದು ಕಂಪನಿ ದೊಡ್ಡ ಪ್ರಮಾಣದಲ್ಲಿ, ಹುಸಿ ಔಷಧಿಯೊಡನೆ ಹೋಲಿಸಿ ಪರೀಕ್ಷಿಸಿತು. ಗುರಿ ಮುಟ್ಟುವ ಸಾಧ್ಯತೆ ಇಲ್ಲವೆಂದು ಕಂಡು 2023ರ ಡಿಸೆಂಬರ್‌ನಲ್ಲಿ ಮೂರು ಅಂತಿಮ ಹಂತದ ಪರೀಕ್ಷೆಗಳನ್ನೂ ನಿಲ್ಲಿಸಬೇಕಾಯಿತು. ಕೋಶಗಳಿಂದ ಹಾನಿಯಾಗಿರಲಿಲ್ಲ, ನಿರೀಕ್ಷಿಸಿದ ಲಾಭ ಕಾಣಲಿಲ್ಲ. ಪ್ರಯೋಗಶಾಲೆಯಲ್ಲಿ ಹೋಲಿಕೆಯ ಪ್ರನಾಳ ಇಲ್ಲದೆ ತೀರ್ಮಾನ ಬರೆಯಬೇಡಿ ಎಂದು ನಿಮಗೆ ಗದರಿಸುತ್ತಿದ್ದುದು ಇದಕ್ಕೇ!

ಅದಕ್ಕೂ ಒಂದು ವರ್ಷ ಮೊದಲು, 2022ರ ಡಿಸೆಂಬರ್‌ನಲ್ಲಿ, ನ್ಯೂಯಾರ್ಕಿನ ಭಂಡಾರದಿಂದ ಬೆಳೆದುಬಂದ ಟ್ಯಾಬೆಲೆಕ್ಲೂಸೆಲ್ ಎಂಬ ಔಷಧಿಗೆ ಯುರೋಪಿನ ಒಕ್ಕೂಟ ಒಪ್ಪಿಗೆ ಕೊಟ್ಟಿತ್ತು. ಭಂಡಾರದಲ್ಲಿ ಮೊದಲೇ ಸಿದ್ಧವಾಗಿಟ್ಟ ಬೇರೊಬ್ಬರ ಟಿ ಕೋಶಗಳೇ ಔಷಧಿಯಾಗಿ ಇಂತಹ ಒಪ್ಪಿಗೆ ಪಡೆದದ್ದು ಅದೇ ಮೊದಲು. ಕಸಿಯ ಬಳಿಕ ಎಪ್‌ಸ್ಟೀನ್-ಬಾರ್ ವೈರಸ್ಸಿನಿಂದ ಗಡ್ಡೆ ಬೆಳೆದು, ಬೇರೆ ಚಿಕಿತ್ಸೆ ಫಲಿಸದ ರೋಗಿಗಳಿಗೆ ಅದು ಮೀಸಲು. ಪರೀಕ್ಷೆಗೊಳಗಾದ 43 ಮಂದಿಯಲ್ಲಿ 22 ಮಂದಿಗೆ ಫಲ ಕೊಟ್ಟಿತ್ತು. ಬೇರೆ ದಾರಿಯೇ ಇಲ್ಲದವರಲ್ಲಿ ಅರ್ಧದಷ್ಟು ಎಂದರೆ ಸಣ್ಣ ಮಾತಲ್ಲ. ಮಿಕ್ಕ ಅರ್ಧವನ್ನು ಮರೆಯುವಂತೆಯೂ ಇಲ್ಲ.

ಇತಿಹಾಸ ಇಲ್ಲಿಗೆ ಸಾಕು. ಈಗ ಮಗಳೇ, ನಿನ್ನ ಪ್ರಶ್ನೆಗೆ ಬರುತ್ತೇನೆ.

ನಿಜ ಹೇಳಿ ಎಂದೆ. ನಿಜವೇನೆಂದರೆ, ಆ ವೈರಸ್ ನಿನ್ನ ಮಜ್ಜೆಯೊಡನೆ ಹೋಗಿರುವ ಸಂಭವವೇ ಹೆಚ್ಚು. ಸುಳ್ಳು ಹೇಳಿ ನಿನ್ನನ್ನು ಸಮಾಧಾನಪಡಿಸುವುದಿಲ್ಲ. ಆದರೆ ನಿನ್ನ ಬದಲು ನಿನ್ನ ತಾಯಿಯೋ, ನಾನೋ, ಹಾದಿಯಲ್ಲಿ ಹೋಗುವ ಯಾರೋ ಕೊಟ್ಟಿದ್ದರೂ ಬಹುಪಾಲು ಅದೇ ವೈರಸ್ ಹೋಗುತ್ತಿತ್ತು. ಅದು ನಿನ್ನ ದೋಷವಲ್ಲ, ಮನುಷ್ಯರೆಲ್ಲರ ರಕ್ತದ ಪಾಡು. ಬಾಲ್ಯದಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು ನೀವು. ಅವನಿಂದಲೇ ನಿನಗೆ ಬಂದಿತ್ತೋ, ನಿನ್ನಿಂದ ಅವನಿಗೆ ಮೊದಲೇ ಹೋಗಿತ್ತೋ, ಯಾರು ಹೇಳಬಲ್ಲರು?

ಇನ್ನೊಂದು ನಿಜವೂ ಇದೆ. ಅದನ್ನು ಬಾಗಿಲ ಹೊರಗೆ ನಿಂತಿದ್ದ ನಿನಗೆ ಅಂದು ಯಾರೂ ಹೇಳಲಿಲ್ಲ, ನಮಗೂ ತಿಳಿದಿರಲಿಲ್ಲ. ಯಾವ ರಕ್ತದಲ್ಲಿ ಆ ವೈರಸ್ ಮಲಗಿತ್ತೋ ಅದೇ ರಕ್ತದಲ್ಲಿ ಅದನ್ನು ಕಾಯುವವರೂ ಇದ್ದರು. ನೀನು ಇಷ್ಟು ವರ್ಷ ಆರೋಗ್ಯದಿಂದ ಇರುವುದೇ ಅದಕ್ಕೆ ಸಾಕ್ಷಿ. ಅವರು ಅವನೊಳಗೆ ಬೆಳೆದು ನಿಲ್ಲಲು ತಿಂಗಳುಗಳು ಬೇಕಿದ್ದವು, ಆ ತಿಂಗಳುಗಳು ಅವನಿಗೆ ದಕ್ಕಲಿಲ್ಲ. ಅಷ್ಟೇ ನಡೆದದ್ದು. ನೀನು ಕೊಟ್ಟದ್ದು ರೋಗವನ್ನಲ್ಲ. ನಿನ್ನಲ್ಲಿದ್ದುದೆಲ್ಲವನ್ನೂ ಕೊಟ್ಟೆ, ಅದರಲ್ಲಿ ಎರಡೂ ಇದ್ದವು. ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಸೀಸೆಗಳಲ್ಲಿ ಕಾದಿರುವ ಔಷಧಿ ನಿನ್ನಂಥ ದಾನಿಗಳ ರಕ್ತದಿಂದ ಹೆಕ್ಕಿದ ಕಾವಲುಗಾರರೇ ಹೊರತು ಬೇರೇನೂ ಅಲ್ಲ.

ಈ ಬರಹವನ್ನು ಪ್ರಕಟಿಸುವ ಮುನ್ನ ಅವಳಿಗೆ ಓದಿ ಹೇಳಿದೆ. ದೂರವಾಣಿಯ ಆ ತುದಿಯಲ್ಲಿ ಬಹಳ ಹೊತ್ತು ಮೌನವಿತ್ತು. ಆಮೇಲೆ, "ಅಮ್ಮನಿಗೂ ಓದಿ ಹೇಳಿ ಮಾವ, ಅವಳಿಗೆ ಕಣ್ಣು ಕಾಣುವುದಿಲ್ಲ" ಎಂದಳು. ಈ ಭಾನುವಾರ ಅಕ್ಕನ ಮನೆಗೆ ಹೊರಟಿದ್ದೇನೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಅನೇಕರು ಈಗ ನಡುವಯಸ್ಸಿನವರು, ದೃಢಕಾಯರು. ರಕ್ತದಾನ ಶಿಬಿರ ನಡೆದರೆ ಹೋಗಿ ಬನ್ನಿ. ಮಜ್ಜೆಯ ದಾನಿಗಳ ಪಟ್ಟಿಗೆ ಹೆಸರು ಸೇರಿಸುವುದಾದರೆ ವೈದ್ಯರನ್ನು ವಿಚಾರಿಸಿ ಸೇರಿಸಿ. ಮೇಷ್ಟ್ರು ಹೇಳಿದ ಮನೆಗೆಲಸವೆಂದೇ ತಿಳಿಯಿರಿ. ಮುಂದಿನ ಬಾರಿ ನಮ್ಮ ಹಳೆಯ ಶಾಲಾ ಪ್ರವಾಸದ ಹಗುರವಾದ ಪ್ರಸಂಗವೊಂದನ್ನು ಬರೆಯುತ್ತೇನೆ.

ಎಲ್ಲರಿಗೂ ಶುಭವಾಗಲಿ.